ಈಜಿದವರ ಕೈಯಲ್ಲಿರುವ ಈಜುಕೊಳ: ಕಾರವಾರ ಸಮೀಪದ ತರಬೇತಿ ಕೇಂದ್ರವೊಂದರ ವಿಮರ್ಶೆ

ಕಾರವಾರದಿಂದ ಅಂಕೋಲಾದ ಕಡೆಗೆ ಹೋಗುವ ಹೆದ್ದಾರಿಯಿಂದ ತುಸು ಒಳಗೆ, ಗಾಳಿಮರಗಳ ಸಾಲಿನ ಮರೆಯಲ್ಲಿರುವ ಖಾಸಗಿ ಈಜುಕೊಳವೊಂದರಲ್ಲಿ ನನ್ನ ಮಗಳು ಕಳೆದ ಬೇಸಿಗೆಯಿಂದ ತರಬೇತಿ ಪಡೆಯುತ್ತಿದ್ದಾಳೆ. ಅಲ್ಲಿಗೆ ಮಕ್ಕಳನ್ನು ಸೇರಿಸಬಹುದೇ, ಕೊಟ್ಟ ಹಣಕ್ಕೆ ತಕ್ಕ ಕಲಿಕೆ ಸಿಗುತ್ತದೆಯೇ ಎಂದು ಶಾಲೆಯ ಗೇಟಿನ ಬಳಿ ಭೇಟಿಯಾಗುವ ಪೋಷಕರು ಕೇಳುತ್ತಲೇ ಇರುತ್ತಾರೆ. ಸೇರಿಸಬಹುದು, ಅದರಲ್ಲೂ ಹೆಣ್ಣುಮಕ್ಕಳನ್ನು ನಿಶ್ಚಿಂತೆಯಿಂದ ಸೇರಿಸಬಹುದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಮುಖ್ಯ ಕಾರಣ ಅಲ್ಲಿಯ ಕಟ್ಟಡವಲ್ಲ, ಅದನ್ನು ನಡೆಸುತ್ತಿರುವ ವ್ಯಕ್ತಿ. ಅವರು ಒಂದು ಕಾಲಕ್ಕೆ ಬ್ಯಾಕ್‌ಸ್ಟ್ರೋಕ್‌ನಲ್ಲಿ ರಾಜ್ಯಮಟ್ಟದ ಪದಕ ಗೆದ್ದವರು. ಈಗ ತರಬೇತಿಯ ಜೊತೆಗೆ ಕ್ರೀಡಾ ಸಂಘವೊಂದರ ಪದಾಧಿಕಾರಿಯೂ ಆಗಿದ್ದಾರೆ. ಮಕ್ಕಳೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಈ ಕೊಳದಲ್ಲಿ ನನಗೆ ಮೆಚ್ಚಿಗೆಯಾದ ಬಹುತೇಕ ಸಂಗತಿಗಳ ಹಿಂದೆ ಅವರ ಈಜಿನ ಅನುಭವವಿದೆ. ಅಸಮಾಧಾನ ತಂದ ಸಂಗತಿಗಳು ಅವರು ಹೊತ್ತಿರುವ ಎರಡನೆಯ ಹೊಣೆಯಿಂದ ಬಂದವು, ಅವನ್ನೂ ಮುಚ್ಚಿಡದೆ ಬರೆಯುತ್ತೇನೆ.

ಕೊಳ 25 ಮೀಟರ್ ಉದ್ದವಿದ್ದು ಆರು ಲೇನ್‌ಗಳನ್ನು ಹೊಂದಿದೆ. ಒಳಗೆ ಹೋದ ಕೂಡಲೇ ಕಣ್ಣಿಗೆ ಬೀಳುವುದು ನೀರಿನ ಮೇಲೆ ಅಡ್ಡಲಾಗಿ ಕಟ್ಟಿರುವ ಬಣ್ಣದ ಪತಾಕೆಗಳ ಎರಡು ಸಾಲು. ಅಲಂಕಾರಕ್ಕೆಂದು ಕಟ್ಟಿದ್ದಾರೆ ಎಂದು ಭಾವಿಸುವ ಪೋಷಕರೇ ಹೆಚ್ಚು. ಬ್ಯಾಕ್‌ಸ್ಟ್ರೋಕ್ ಈಜುವವರು ಆಕಾಶ ನೋಡುತ್ತ ಹಿಮ್ಮುಖವಾಗಿ ಚಲಿಸುವುದರಿಂದ ಎದುರಾಗುವ ಗೋಡೆ ಅವರಿಗೆ ಕಾಣುವುದಿಲ್ಲ. ಹಾಗಾಗಿ ಎರಡೂ ತುದಿಗಳ ಗೋಡೆಯಿಂದ ಸರಿಯಾಗಿ 5 ಮೀಟರ್ ಒಳಗೆ, ನೀರಿನಿಂದ ಕನಿಷ್ಠ 1.8 ಮೀಟರ್ ಎತ್ತರದಲ್ಲಿ ಪತಾಕೆಗಳ ಸಾಲು ಇರಬೇಕೆಂಬ ನಿಯಮವಿದೆ. ಪತಾಕೆ ಕಣ್ಣ ಮೇಲೆ ಹಾದುಹೋದ ಕ್ಷಣದಿಂದ ಈಜುಗಾರ ತನ್ನ ಕೈಬೀಸುಗಳನ್ನು ಎಣಿಸತೊಡಗುತ್ತಾನೆ, ಎಷ್ಟನೆಯ ಕೈಗೆ ಗೋಡೆ ಸಿಗುತ್ತದೆಂಬುದು ಅವನಿಗೆ ಅಭ್ಯಾಸದಿಂದ ಗೊತ್ತಿರುತ್ತದೆ. ಪತಾಕೆ ಇಲ್ಲದ ಕೊಳದಲ್ಲಿ ಕಲಿತ ಮಗು ಒಂದೋ ತಲೆ ಬಡಿಸಿಕೊಳ್ಳುತ್ತದೆ, ಇಲ್ಲವೇ ತಲೆ ಬಡಿಯುವ ಭಯಕ್ಕೆ ಕೊನೆಯಲ್ಲಿ ಕತ್ತು ತಿರುಗಿಸಿ ವೇಗ ಕಳೆದುಕೊಳ್ಳುವ ರೂಢಿಗೆ ಬೀಳುತ್ತದೆ. ನಾನು ನೋಡಿರುವ ಹೋಟೆಲು, ರೆಸಾರ್ಟುಗಳ ಯಾವ ಕೊಳದಲ್ಲಿಯೂ ಈ ಪತಾಕೆಗಳಿಲ್ಲ. ಇಲ್ಲಿ ಮೊದಲು ಕಟ್ಟಿದ್ದ ಬಟ್ಟೆಯ ಪತಾಕೆಗಳು ಉಪ್ಪುಗಾಳಿಗೆ ಹರಿದು ಚಿಂದಿಯಾದ ಮೇಲೆ, ಅಕ್ಕೋರು ಬೈತಖೋಲ ಬಂದರಿನ ಬಳಿ ದೋಣಿಯವರು ಬಳಸುವ ನೈಲಾನ್ ಹಗ್ಗವನ್ನೇ ತರಿಸಿ, ಅದಕ್ಕೆ ಟಾರ್ಪಾಲಿನ ತ್ರಿಕೋನ ತುಂಡುಗಳನ್ನು ಹೊಲಿಸಿ ಕಟ್ಟಿದ್ದಾರೆ. ಅಳತೆ ಪಟ್ಟಿ ಹಿಡಿದು ಗೋಡೆಯಿಂದ 5 ಮೀಟರನ್ನು ತಾವೇ ಅಳೆದು, ಕಂಬಕ್ಕೆ ಬಣ್ಣದ ಗುರುತು ಹಾಕಿಸಿದ್ದಾರೆ. ಈ ಕೆಲಸವನ್ನು ಮಾಡಬೇಕೆಂದು ಹೊಳೆಯುವುದೂ ಆ ಗೋಡೆಗೆ ತಲೆ ತಾಗಿಸಿಕೊಂಡವರಿಗೇ.

ಅವರ ಚಿಕ್ಕ ಕಚೇರಿಯ ಗೋಡೆಯ ಮೇಲೆ ಕರ್ಸ್ಟಿ ಕೊವೆಂಟ್ರಿ ಅವರ ಚಿತ್ರವಿದೆ. ಹೊಸ ಬ್ಯಾಚಿನ ಮಕ್ಕಳು "ಇವರು ಯಾರು ಅಕ್ಕೋರೆ?" ಎಂದು ಕೇಳಿದಾಗ ಅವರು ಹೇಳುವ ಕಥೆಯನ್ನು ನಾನು ಬಾಗಿಲ ಬಳಿ ನಿಂತು ಕೇಳಿದ್ದೇನೆ. ಕೊವೆಂಟ್ರಿ 1983ರಲ್ಲಿ ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ಹುಟ್ಟಿದವರು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ, ಬೆಂಗಳೂರಿನ ನಿಶಾ ಮಿಲೆಟ್ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಈಜಿದ ಅದೇ ಕೂಟಕ್ಕೆ, ಶಾಲಾ ಬಾಲಕಿಯಾಗಿ ಹೋಗಿ ಸೆಮಿಫೈನಲ್ ತಲುಪಿದರು. ಮುಂದೆ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಓದುತ್ತ ಈಜಿದರು. 2004ರ ಅಥೆನ್ಸ್‌ನಲ್ಲಿ 200 ಮೀಟರ್ ಬ್ಯಾಕ್‌ಸ್ಟ್ರೋಕ್‌ನ ಚಿನ್ನ, 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನ ಬೆಳ್ಳಿ ಮತ್ತು ನಾಲ್ಕೂ ಬಗೆಯ ಈಜನ್ನು ಒಬ್ಬರೇ ಈಜಬೇಕಾದ 200 ಮೀಟರ್ ವೈಯಕ್ತಿಕ ಮೆಡ್ಲೆಯ ಕಂಚು ಅವರಿಗೆ ಬಂದವು. 2008ರ ಬೀಜಿಂಗ್‌ನಲ್ಲಿ 200 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 2 ನಿಮಿಷ 5.24 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಮತ್ತೆ ಗೆದ್ದರು, ಜೊತೆಗೆ ಮೂರು ಬೆಳ್ಳಿ ಪದಕ ಪಡೆದರು. ಒಟ್ಟು ಏಳು ಒಲಿಂಪಿಕ್ ಪದಕಗಳಾದವು. ಅವರ ದೇಶಕ್ಕೆ ಅವರನ್ನು ಬಿಟ್ಟರೆ ಸಿಕ್ಕಿರುವ ಇನ್ನೊಂದೇ ಒಲಿಂಪಿಕ್ ಪದಕ 1980ರ ಮಾಸ್ಕೊದಲ್ಲಿ ಮಹಿಳಾ ಹಾಕಿ ತಂಡ ಗೆದ್ದ ಚಿನ್ನ. ಬೀಜಿಂಗ್‌ನ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಸೆಮಿಫೈನಲ್‌ನಲ್ಲಿ ವಿಶ್ವದಾಖಲೆ ಮಾಡಿ, ಫೈನಲ್‌ನಲ್ಲಿ ನಟಾಲಿ ಕಾಫ್ಲಿನ್ ಅವರ ಹಿಂದೆ ಬಿದ್ದ ಸಂಗತಿಯನ್ನು ಅಕ್ಕೋರು ಎಂದೂ ಬಿಡದೆ ಹೇಳುತ್ತಾರೆ. ಸೆಮಿಫೈನಲ್‌ನ ದಾಖಲೆಗೆ ಪದಕ ಕೊಡುವುದಿಲ್ಲ ಎಂಬುದನ್ನು ಮಕ್ಕಳು ಚಿಕ್ಕಂದಿನಲ್ಲೇ ತಿಳಿಯಬೇಕೆಂಬುದು ಅವರ ಕಾಳಜಿ.

ಅವರಿಗೆ ಹೆಚ್ಚು ಪ್ರಿಯವಾದದ್ದು ಕಥೆಯ ಎರಡನೆಯ ಭಾಗ. ಕೊವೆಂಟ್ರಿ 2013ರಲ್ಲಿ ಕ್ರೀಡಾಪಟುಗಳ ಪ್ರತಿನಿಧಿಯಾಗಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯೆಯಾದರು, 2018ರಿಂದ ಅದರ ಕ್ರೀಡಾಪಟುಗಳ ಆಯೋಗದ ಅಧ್ಯಕ್ಷತೆ ವಹಿಸಿದರು. ಅದೇ ವರ್ಷ ತಮ್ಮ ದೇಶದ ಕ್ರೀಡಾ ಸಚಿವೆಯೂ ಆದರು. 2025ರ ಮಾರ್ಚ್ 20ರಂದು ಗ್ರೀಸ್‌ನ ಕೋಸ್ಟಾ ನವಾರಿನೊದಲ್ಲಿ ನಡೆದ ಅಧಿವೇಶನದಲ್ಲಿ ಏಳು ಅಭ್ಯರ್ಥಿಗಳ ನಡುವೆ ಮೊದಲ ಸುತ್ತಿನಲ್ಲಿಯೇ 97 ಮತಗಳಲ್ಲಿ 49 ಪಡೆದು ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಮತ್ತು ಮೊದಲ ಆಫ್ರಿಕನ್ ಅವರೇ. ಕಣದಲ್ಲಿ ಓಟದ ದಿಗ್ಗಜ ಸೆಬಾಸ್ಟಿಯನ್ ಕೋ ಅವರೂ ಇದ್ದರು, ಅವರಿಗೆ ಸಿಕ್ಕಿದ್ದು 8 ಮತ. ಪದಕದ ತೂಕವೊಂದರಿಂದಲೇ ಕ್ರೀಡಾ ಆಡಳಿತದಲ್ಲಿ ಮತ ಬೀಳುವುದಿಲ್ಲ. ಸಮಿತಿಗಳಲ್ಲಿ ವರ್ಷಗಟ್ಟಲೆ ಕುಳಿತು, ಕಡತ ಓದಿ, ಸಹಸದಸ್ಯರ ವಿಶ್ವಾಸ ಗಳಿಸಬೇಕಾಗುತ್ತದೆ ಎಂದು ಈ ಅಂಕಿಗಳಿಂದ ನನಗೆ ಅನಿಸಿದೆ. ನಮ್ಮ ಅಕ್ಕೋರು ಸಂಘದ ಚುನಾವಣೆಗೆ ನಿಲ್ಲಲು ಹೊರಟಾಗ, ಈಜು ಕಲಿಸುವವರಿಗೆ ಈ ರಾಜಕೀಯ ಯಾಕೆ ಎಂದು ಕೆಲವು ಪೋಷಕರು ಮುಖ ಸಿಂಡರಿಸಿದ್ದರು. ಅವರು ನಿಂತದ್ದು ಸರಿಯೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ.

ಯಾಕೆಂದರೆ ಅದರ ಫಲ ನಮ್ಮ ಮಕ್ಕಳಿಗೆ ನೇರವಾಗಿ ತಲುಪಿದೆ. ಹಿಂದೆ ಆಯ್ಕೆ ಸ್ಪರ್ಧೆಗಳೆಂದರೆ ಉದ್ಘಾಟನೆಗೆ ಬರುವ ಗಣ್ಯರಿಗಾಗಿ ಕಾಯುತ್ತ, ಒದ್ದೆ ಬಟ್ಟೆಯಲ್ಲಿ ಮಕ್ಕಳು ನಡುಹಗಲವರೆಗೆ ಬಿಸಿಲಿನಲ್ಲಿ ಕೂರುವುದು ಎಂಬಂತಾಗಿತ್ತು. ಅಕ್ಕೋರು ಪದಾಧಿಕಾರಿಯಾದ ಮೇಲೆ ಇದೇ ಕೊಳದಲ್ಲಿ ನಡೆದ ಆಯ್ಕೆಯಲ್ಲಿ ಮೊದಲ ಸ್ಪರ್ಧೆ ಬೆಳಗಿನ ತಂಪಿನಲ್ಲಿಯೇ ಆರಂಭವಾಯಿತು, ಭಾಷಣಗಳು ಬಹುಮಾನ ವಿತರಣೆಯ ಹೊತ್ತಿಗೆ ಹೋದವು. ಯಾವ ಮಗು ಯಾವ ಲೇನಿನಲ್ಲಿ, ಎಷ್ಟನೆಯ ಸುತ್ತಿನಲ್ಲಿ ಈಜಬೇಕೆಂಬ ಪಟ್ಟಿ ಹಿಂದಿನ ಸಂಜೆಯೇ ಗೋಡೆಗೆ ಅಂಟಿತ್ತು. ಸ್ಪರ್ಧೆಗೆ ಮುನ್ನ ಮೈ ಬಿಸಿ ಮಾಡಿಕೊಳ್ಳಲು ಎರಡು ಲೇನ್‌ಗಳನ್ನು ಬಿಟ್ಟುಕೊಟ್ಟಿದ್ದರು. ಆಳ ಕಡಿಮೆಯಿರುವ ತುದಿಯಿಂದ ಡೈವ್ ಹೊಡೆಯಲು ಯಾರಿಗೂ ಬಿಡಲಿಲ್ಲ, ಹಾಗೆ ಬಿಡಬೇಕೆಂದು ಒತ್ತಾಯಿಸಿದ ಹಿರಿಯರೊಬ್ಬರಿಗೆ, ಹಾರುಕಟ್ಟೆಯ ಮುಂದೆ ಕನಿಷ್ಠ 1.35 ಮೀಟರ್ ಆಳವಿರಬೇಕೆಂಬ ನಿಯಮವನ್ನು ತಾಳ್ಮೆಯಿಂದ ವಿವರಿಸಿ, ಎಲ್ಲ ಸ್ಪರ್ಧೆಗಳನ್ನೂ ಆಳದ ತುದಿಯಿಂದಲೇ ನಡೆಸಿದರು. ಇಂಥ ಹಠ ಸಭೆಯ ಮೇಜಿನ ಬಳಿ ಇರುವವರಲ್ಲಿ ಒಬ್ಬರಿಗಾದರೂ ಇರಬೇಕು. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯು ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ಇಬ್ಬರು ಸಾಧಕ ಕ್ರೀಡಾಪಟುಗಳು ಇರಬೇಕೆಂದು ಹೇಳುತ್ತದೆ. ಭಾರತೀಯ ಒಲಿಂಪಿಕ್ ಸಂಸ್ಥೆಗೆ 2022ರ ಡಿಸೆಂಬರ್‌ನಲ್ಲಿ ಪಿ.ಟಿ. ಉಷಾ ಅಧ್ಯಕ್ಷರಾದಾಗ ಆದ ಸಂತೋಷ ತಾಲ್ಲೂಕು, ಜಿಲ್ಲೆಗಳ ಮಟ್ಟಕ್ಕೂ ಇಳಿಯಬೇಕೆಂಬುದು ನನ್ನ ಬಯಕೆ.

ಇನ್ನು ನೀರಿನ ವಿಷಯ. ಪ್ರವೇಶದ್ವಾರದ ಪಕ್ಕದ ಕಪ್ಪುಹಲಗೆಯ ಮೇಲೆ ಪ್ರತಿದಿನ ಬೆಳಿಗ್ಗೆ ನೀರಿನ ಪಿಎಚ್ ಮತ್ತು ಕ್ಲೋರಿನ್ ಪ್ರಮಾಣವನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಅದು ಮೇಲೇರಿದರೆ ಹಾಕಿದ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಕೆಳಗಿಳಿದರೆ ಕಣ್ಣು ಉರಿಯುತ್ತದೆ, ಏಣಿಯ ಲೋಹವೂ ಸವೆಯುತ್ತದೆ. ಕೊಳದಿಂದ ಮೂಗಿಗೆ ಅಡರುವ ಘಾಟು ಬಂದರೆ ಕ್ಲೋರಿನ್ ಹೆಚ್ಚಾಗಿದೆ ಎಂದು ನಾವೆಲ್ಲ ತಿಳಿಯುತ್ತೇವೆ. ವಾಸ್ತವದಲ್ಲಿ ಬೆವರು, ಮೂತ್ರಗಳೊಂದಿಗೆ ಕ್ಲೋರಿನ್ ಬೆರೆತಾಗ ಹುಟ್ಟುವ ಕ್ಲೋರಮೈನ್‌ಗಳ ವಾಸನೆ ಅದು, ಅಂದರೆ ನೀರು ಕೊಳೆಯಾಗಿದೆ ಎಂಬುದರ ಸೂಚನೆ. ಅದಕ್ಕಾಗಿಯೇ ಸ್ನಾನ ಮಾಡದೆ ಯಾರನ್ನೂ ನೀರಿಗೆ ಇಳಿಸುವುದಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದವರು ಸೋಪು ಹಾಕಿ ತೊಳೆದುಕೊಂಡೇ ಬರಬೇಕು. ಈ ನಿಯಮವನ್ನು ದೊಡ್ಡವರ ಬ್ಯಾಚಿಗೂ ಅಷ್ಟೇ ಕಟ್ಟುನಿಟ್ಟಾಗಿ ಅನ್ವಯಿಸುತ್ತಾರೆ, ಪ್ರಭಾವಿಗಳು ಬಂದರೂ ಬಿಡುವುದಿಲ್ಲ. ಗಾಳಿಮರದ ಸೂಜಿಯೆಲೆಗಳು ಮಾತ್ರ ಅವರಿಗೂ ತಲೆನೋವಾಗಿವೆ, ಮಧ್ಯಾಹ್ನದ ಗಾಳಿಗೆ ಬಿದ್ದ ಎಲೆಗಳು ಸಂಜೆಯ ಬ್ಯಾಚಿನ ಹೊತ್ತಿಗೆ ಒಂದು ಮೂಲೆಯಲ್ಲಿ ಮಡುಗಟ್ಟಿರುತ್ತವೆ. ಮಳೆಗಾಲದಲ್ಲಿ ಗುಡುಗು ಕೇಳಿಸಿದ ಕೂಡಲೇ ಎಲ್ಲರನ್ನೂ ಹೊರಗೆ ಕರೆಯುತ್ತಾರೆ. ಆ ದಿನದ ತರಗತಿಯನ್ನು ಬೇರೆ ದಿನ ತುಂಬಿಕೊಡುತ್ತಾರೆ.

ಕಲಿಸುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಲ್ಲಿಗೆ ಬರುವ ಮಕ್ಕಳಲ್ಲಿ ಎರಡು ಬಗೆಯವರಿದ್ದಾರೆ. ನೌಕರಿಯ ಮೇಲೆ ಕಾರವಾರಕ್ಕೆ ಬಂದ ಕುಟುಂಬಗಳ ಮಕ್ಕಳಿಗೆ ನೀರೆಂದರೆ ಹೆದರಿಕೆ. ಮೀನುಗಾರರ ಕೇರಿಗಳಿಂದ ಬರುವವರಿಗೆ ಹೆದರಿಕೆಯೆಂಬುದೇ ಇಲ್ಲ. ಕಾಳಿ ನದಿಯ ಅಳಿವೆಯಲ್ಲಿ, ದೋಣಿಯ ಪಕ್ಕದಲ್ಲಿ ಈಜುತ್ತಲೇ ಬೆಳೆದವರು ಅವರು. ಆದರೆ ಅಲೆ ಎತ್ತಲಿಂದ ಬರುತ್ತದೆಂದು ನೋಡುತ್ತಿರಬೇಕಾದ್ದರಿಂದ ಅವರು ತಲೆಯನ್ನು ಸದಾ ನೀರಿನ ಮೇಲೆ ಎತ್ತಿಕೊಂಡೇ ಈಜುತ್ತಾರೆ. ತಲೆ ಮೇಲೆದ್ದರೆ ಸೊಂಟ ಕೆಳಗಿಳಿಯುತ್ತದೆ, ಕಾಲುಗಳು ನೀರನ್ನು ಹಿಂದೆ ತಳ್ಳುವ ಬದಲು ಕೆಳಗೆ ಒತ್ತುತ್ತವೆ, ಕೊಳದ ಸ್ಪರ್ಧೆಯಲ್ಲಿ ಅದು ವೇಗವನ್ನು ತಿನ್ನುತ್ತದೆ. ಇಂಥ ಒಬ್ಬ ಹುಡುಗನಿಗೆ ಅಕ್ಕೋರು ಪಾಠ ಹೇಳಿದ ರೀತಿ ನನಗೆ ಬಹಳ ಹಿಡಿಸಿತು. ನಿನ್ನ ಈಜು ತಪ್ಪು ಎಂದು ಅವರು ಹೇಳಲಿಲ್ಲ. "ಸಮುದ್ರದಲ್ಲಿ ನೀನು ಈಜೋದೇ ಸರಿ ಮಾರಾಯ, ಅಲ್ಲಿ ಹಾಗೇ ಈಜು. ಇಲ್ಲಿ ಅಲೆ ಇಲ್ಲ, ನೆಲದ ಕಪ್ಪು ಗೆರೆ ನೋಡು, ಉಸಿರನ್ನ ನೀರೊಳಗೇ ಬಿಡು" ಎಂದರು. ಆ ಹುಡುಗ ಗುಳ್ಳೆ ಬಿಡುತ್ತ ಗೋಡೆಯಿಂದ ಗೋಡೆಗೆ ಹೋದ ಮೇಲೆ, ಅಲೆಯೊಳಗೆ ಮುಳುಗಿ ಏಳುವುದನ್ನು ಉಳಿದ ಮಕ್ಕಳಿಗೆ ತೋರಿಸುವ ಕೆಲಸವನ್ನು ಅವನಿಗೇ ವಹಿಸಿದರು. ಮಗುವಿಗೆ ಮೊದಲೇ ಬರುವ ವಿದ್ಯೆಗೆ ಮರ್ಯಾದೆ ಕೊಟ್ಟು ಹೊಸದನ್ನು ಸೇರಿಸುವ ಈ ಬಗೆಯನ್ನು ನಾನು ಬೇರೆ ತರಬೇತಿಗಳಲ್ಲಿ ಕಂಡಿಲ್ಲ.

ಹೆದರುವ ಮಕ್ಕಳಿಗೆ ಮೊದಲು ಕಲಿಸುವುದು ಅಂಗಾತ ತೇಲುವುದನ್ನು. ಎಲ್ಲ ಕಡೆ ಫ್ರೀಸ್ಟೈಲ್‌ನಿಂದ ಶುರುಮಾಡಿದರೆ ಇಲ್ಲಿ ತೇಲುವಿಕೆ, ನಂತರ ಬ್ಯಾಕ್‌ಸ್ಟ್ರೋಕ್, ಆಮೇಲೆ ಉಳಿದದ್ದು. ಮುಖ ನೀರಿನ ಮೇಲಿರುವುದರಿಂದ ಉಸಿರಿನ ಗಾಬರಿ ಇರುವುದಿಲ್ಲ, ಮುಂದೆ ಎಂದಾದರೂ ಆಳಕ್ಕೆ ಬಿದ್ದರೆ ಸಹಾಯ ಬರುವವರೆಗೆ ಬದುಕಿಸುವುದೂ ಇದೇ ವಿದ್ಯೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡ ಮೇಲೆ ಈ ಕರಾವಳಿಯಲ್ಲಿ ಮಕ್ಕಳನ್ನು ಬೆಳೆಸುವ ಯಾರಿಗೂ ಈಜು ಎಂಬುದು ಕೇವಲ ಪದಕದ ಮಾತಾಗಿ ಉಳಿದಿಲ್ಲ. ಕೊಳದಲ್ಲಿ ಈಜು ಬಂದ ಮಾತ್ರಕ್ಕೆ ಮಳೆಗಾಲದ ಸಮುದ್ರಕ್ಕೆ ಇಳಿಯಬಾರದೆಂದು ಅಕ್ಕೋರು ಪ್ರತಿ ಬ್ಯಾಚಿಗೂ ಖಡಾಖಂಡಿತವಾಗಿ ಹೇಳುತ್ತಾರೆ.

ಹೆಣ್ಣುಮಕ್ಕಳ ವ್ಯವಸ್ಥೆಗೆ ಪೂರ್ಣ ಅಂಕ ಕೊಡುತ್ತೇನೆ. ಬಟ್ಟೆ ಬದಲಿಸುವ ಕೋಣೆಗಳಿಗೆ ಒಳಗಿನಿಂದ ಭದ್ರವಾದ ಅಗುಳಿಗಳಿವೆ, ಕಿಟಕಿಗಳು ಎತ್ತರದಲ್ಲಿವೆ, ಕಸದ ಬುಟ್ಟಿ ಮತ್ತು ಸ್ಯಾನಿಟರಿ ಪ್ಯಾಡ್‌ಗಳ ಡಬ್ಬಿ ಇವೆ. ಮೊಣಕಾಲವರೆಗಿನ ಈಜುಡುಪನ್ನಾಗಲಿ, ತೋಳಿರುವ ಉಡುಪನ್ನಾಗಲಿ ಹಾಕಿಕೊಂಡು ಬಂದರೆ ತಕರಾರಿಲ್ಲ, ನೈಲಾನ್ ಬಟ್ಟೆಯಾಗಿದ್ದರೆ ಸಾಕು. ಮಹಿಳೆಯರ ಬ್ಯಾಚಿನ ಹೊತ್ತಿನಲ್ಲಿ ಜೀವರಕ್ಷಕಿಯೂ ಮಹಿಳೆಯೇ ಇರುತ್ತಾರೆ, ಗ್ಯಾಲರಿಯಲ್ಲಿ ಮೊಬೈಲ್ ಹಿಡಿದು ಚಿತ್ರ ತೆಗೆಯುವಂತಿಲ್ಲ. ಐವತ್ತು ದಾಟಿದ ಹೆಂಗಸರು ಈ ಬ್ಯಾಚಿಗೆ ಬಂದು ಮೊದಲ ಬಾರಿಗೆ ತೇಲಲು ಕಲಿತಿರುವುದನ್ನು ನೋಡಿದ್ದೇನೆ.

ಈಗ ಅಸಮಾಧಾನದ ಮಾತು. ಸಂಘದ ಸಭೆಗಳಿಗೆ ಅಕ್ಕೋರು ಧಾರವಾಡಕ್ಕೋ ಬೆಂಗಳೂರಿಗೋ ಹೋದ ವಾರಗಳಲ್ಲಿ ಕೊಳದ ಶಿಸ್ತು ಸಡಿಲವಾಗುತ್ತದೆ. ಅವರ ಬದಲಿಗೆ ನಿಲ್ಲುವ ಯುವಕ ಒಳ್ಳೆಯ ಜೀವರಕ್ಷಕನೇ, ಆದರೆ ಕಲಿಸುವ ತರಬೇತಿ ಪಡೆದವನಲ್ಲ. ಹತ್ತು ಸುತ್ತು ಹೊಡೆಯಿರಿ ಎಂದು ಹೇಳಿ ದಡದಲ್ಲಿ ನಿಲ್ಲುತ್ತಾನೆ. ನನ್ನ ಮಗಳ ಬಲಗೈ ನೀರಿಗೆ ಇಳಿಯುವಾಗ ತಲೆಯ ಮಧ್ಯರೇಖೆಯನ್ನು ದಾಟುತ್ತಿದ್ದುದನ್ನು ಅಂಥ ಒಂದು ವಾರದಲ್ಲಿ ಯಾರೂ ಗಮನಿಸಲಿಲ್ಲ, ಮರಳಿ ಬಂದ ಅಕ್ಕೋರು ಮೊದಲ ಸುತ್ತಿನಲ್ಲೇ ಹಿಡಿದರು. ಕಪ್ಪುಹಲಗೆಯ ಮೇಲೆ ಹಳೆಯ ತಾರೀಖೇ ಉಳಿದಿದ್ದೂ ಅವರಿಲ್ಲದ ದಿನಗಳಲ್ಲಿಯೇ. ಆಡಳಿತಕ್ಕೆ ಹೋಗುವ ತರಬೇತುದಾರರು ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ಸಿದ್ಧಪಡಿಸಿಯೇ ಹೋಗಬೇಕು. ಶುಲ್ಕ ಕೊಡುವವರಿಗೆ ಇದನ್ನು ಕೇಳುವ ಹಕ್ಕಿದೆ, ನಾನು ಕೇಳಿದ್ದೇನೆ. ಸಹಾಯಕ ತರಬೇತುದಾರರೊಬ್ಬರನ್ನು ನೇಮಿಸುವುದಾಗಿ ಹೇಳಿದ್ದಾರೆ.

ಎರಡನೆಯ ಸಂಗತಿ ಇದಕ್ಕಿಂತ ಗಂಭೀರವಾದದ್ದು. ಶುಲ್ಕ ಪಡೆದು ಮಕ್ಕಳಿಗೆ ಕಲಿಸುವವರೇ ತಂಡವನ್ನು ಆರಿಸುವ ಸಂಘದ ಪದಾಧಿಕಾರಿಯಾಗಿದ್ದರೆ, ಬೇರೆ ಕಡೆ ಕಲಿಯುವ ಮಕ್ಕಳ ತಂದೆತಾಯಿಗೆ ಅನುಮಾನ ಬರುವುದು ಸಹಜ. ಅಕ್ಕೋರು ತಮ್ಮ ಶಿಷ್ಯರು ಈಜುವಾಗ ಸಮಯ ಅಳೆಯುವ ಗಡಿಯಾರವನ್ನು ಬೇರೆಯವರ ಕೈಗೆ ಕೊಟ್ಟು ದೂರ ನಿಂತದ್ದನ್ನು ನಾನೇ ನೋಡಿದ್ದೇನೆ, ಅವರ ಪ್ರಾಮಾಣಿಕತೆಯಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅವರು ಹಾಗೆ ದೂರ ನಿಲ್ಲುವುದು ಅವರ ಸ್ವಭಾವದಿಂದ, ಯಾವ ಲಿಖಿತ ನಿಯಮದಿಂದಲೂ ಅಲ್ಲ. ನಾಳೆ ಆ ಕುರ್ಚಿಗೆ ಇನ್ನೊಬ್ಬರು ಬಂದರೆ ಏನು ಎಂಬ ಪ್ರಶ್ನೆಗೆ ಉತ್ತರ ಕಾಗದದ ಮೇಲೆ ಇರಬೇಕು. ಎರಡು ಕುರ್ಚಿಗಳ ಇಕ್ಕಟ್ಟನ್ನು ಕೊವೆಂಟ್ರಿ ಅವರೂ ಎದುರಿಸಿದವರೇ. ಅವರು ಸಚಿವೆಯಾಗಿದ್ದಾಗ, 2021ರ ನವೆಂಬರ್‌ನಲ್ಲಿ, ಅಲ್ಲಿಯ ಸರ್ಕಾರಿ ಕ್ರೀಡಾ ಆಯೋಗವು ಹಣದ ದುರ್ಬಳಕೆ ಮತ್ತು ಮಹಿಳಾ ರೆಫರಿಗಳಿಗೆ ಲೈಂಗಿಕ ಕಿರುಕುಳದ ಆರೋಪಗಳ ಮೇಲೆ ಫುಟ್‌ಬಾಲ್ ಸಂಸ್ಥೆಯ ಆಡಳಿತ ಮಂಡಳಿಯನ್ನು ಅಮಾನತುಗೊಳಿಸಿತು. ಇದು ಸರ್ಕಾರದ ಹಸ್ತಕ್ಷೇಪವೆಂದು ಫಿಫಾ 2022ರ ಫೆಬ್ರುವರಿಯಲ್ಲಿ ಜಿಂಬಾಬ್ವೆಯನ್ನು ನಿಷೇಧಿಸಿತು, 2023ರ ಜುಲೈವರೆಗೆ ಆ ನಿಷೇಧ ಮುಂದುವರಿಯಿತು. ಆರೋಪಗಳನ್ನು ಕಂಡೂ ಸುಮ್ಮನಿರಬೇಕಿತ್ತೆಂದು ನಾನು ಹೇಳಲಾರೆ. ಆದರೂ ಆ ಅವಧಿಯಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಿಲ್ಲದೆ ಕೂತವರು ಆಟಗಾರರೇ. ಗೋಡೆಯ ಚಿತ್ರದ ಕಥೆ ಹೇಳುವಾಗ ಅಕ್ಕೋರು ಈ ಅಧ್ಯಾಯವನ್ನೂ ಸೇರಿಸಬೇಕೆಂದು ನನಗೆ ಅನಿಸುತ್ತದೆ, ದೊಡ್ಡ ಮಕ್ಕಳಿಗಾದರೂ.

ಶುಲ್ಕ ತಿಂಗಳಿಗೆ ಎರಡೂವರೆ ಸಾವಿರ ರೂಪಾಯಿ, ವಾರಕ್ಕೆ ಐದು ತರಗತಿ. ಟೋಪಿ ಅದರಲ್ಲಿ ಸೇರಿದೆ, ಗಾಗಲ್ಸ್ ಸೇರಿಲ್ಲ. ಮೀನುಗಾರರ ಕುಟುಂಬದ ಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ, ಅದನ್ನು ಫಲಕದಲ್ಲಿ ಬರೆಯದೆ ಕೇಳಿದವರಿಗೆ ಮಾತ್ರ ಹೇಳುತ್ತಾರೆ. ಬರೆದು ಹಾಕಿದರೆ ಕೇಳಲು ಸಂಕೋಚಪಡುವವರಿಗೂ ಅದು ತಲುಪುತ್ತದೆ. ಹೆದ್ದಾರಿಯಲ್ಲಿ ಬಸ್ಸಿಳಿದು ಸ್ವಲ್ಪ ದೂರ ನಡೆಯಬೇಕು, ಸಂಜೆಯ ಬ್ಯಾಚ್ ಮುಗಿಯುವ ಹೊತ್ತಿಗೆ ಆ ದಾರಿಯಲ್ಲಿ ಬೆಳಕು ಸಾಲದು, ಆದ್ದರಿಂದ ಚಿಕ್ಕ ಮಕ್ಕಳನ್ನು ಬೆಳಗಿನ ಬ್ಯಾಚಿಗೆ ಸೇರಿಸುವುದು ಒಳ್ಳೆಯದು. ಈಜು ಮುಗಿಸಿದ ಮಕ್ಕಳಿಗೆ ವಿಪರೀತ ಹಸಿವಾಗುತ್ತದೆ, ಹತ್ತಿರದಲ್ಲಿ ಹೋಟೆಲಿಲ್ಲ, ಬನ್ಸ್ ಅಥವಾ ಬಾಳೆಹಣ್ಣು ಕಟ್ಟಿಕೊಟ್ಟು ಕಳುಹಿಸಿ. ಹೆಸರು ನೋಂದಾಯಿಸುವ ದಿನ ಸಹಾಯಕ ತರಬೇತುದಾರರ ನೇಮಕ ಆಗಿದೆಯೇ ಎಂದು ಕೇಳಿ; ಮಗು ಸ್ಪರ್ಧೆಗೆ ಹೋಗುವುದಾದರೆ ಆಯ್ಕೆಯ ನಿಯಮಗಳ ಲಿಖಿತ ಪ್ರತಿಯನ್ನೂ ಕೇಳಿ. ಕೇಳಿದರೆ ಅಕ್ಕೋರು ಬೇಸರಪಟ್ಟುಕೊಳ್ಳುವವರಲ್ಲ, ಇನ್ನಷ್ಟು ಪೋಷಕರು ಕೇಳಿದರೆ ಸಂಘದಲ್ಲಿ ಆ ವಿಷಯವನ್ನು ಮಂಡಿಸಲು ತಮಗೂ ಬಲ ಬರುತ್ತದೆಂದು ಅವರೇ ನನಗೆ ಹೇಳಿದ್ದಾರೆ.